ಕಾರಿನ ಕಣ್ಣಿಗೆ ವಿಭೂತಿ

ನನಗೊಂದು ಚಟವಿದೆ. ಸಂಜೆ ದೀಪ ಹಚ್ಚಿದ ಮೇಲೆ ಶಿಕಾರಿಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ರಸ್ತೆಯಲ್ಲಿ ಬರುವ ವಾಹನಗಳನ್ನು ಅವುಗಳ ಕಣ್ಣು ನೋಡಿಯೇ ಗುರುತಿಸುವುದು. ಹಗಲಿನಲ್ಲಿ ಇದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಕತ್ತಲೆಯಲ್ಲಿ ಮೈ ಮಾಯವಾಗಿ ಬರೀ ಕಣ್ಣುಗಳು ತೇಲಿಕೊಂಡು ಬರುವಾಗಲೇ ಆಟಕ್ಕೆ ರುಚಿ. ಅಕ್ಕಿ ಗಿರಣಿಯ ಲಾರಿಗೆ ಮೆಳ್ಳೆಗಣ್ಣು. ಒಂದು ದೀಪ ರಸ್ತೆ ನೋಡಿದರೆ ಇನ್ನೊಂದು ಜನರ ಮನೆಯ ಹೆಂಚು ನೋಡುತ್ತದೆ. ಸಂಜೆಯ ಬಸ್ಸು ಒಕ್ಕಣ್ಣಿನದು. ದೂರದಿಂದ ಅದನ್ನು ಬೈಸಿಕಲ್ಲೆಂದು ನಂಬಿ ರಸ್ತೆಯ ನಡುವೆ ನಿಂತು ಹರಟುತ್ತಿದ್ದವರು, ಬೈಸಿಕಲ್ಲಿಗೆ ಇಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತೆಂದು ಯೋಚಿಸಲೂ ಪುರುಸೊತ್ತಿಲ್ಲದೆ ಚರಂಡಿಗೆ ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾಹನಕ್ಕೆ ಎರಡು ದೀಪ ಇಡುವುದು ಚಂದಕ್ಕಲ್ಲ. ಬರುತ್ತಿರುವ ಪ್ರಾಣಿ ಎಷ್ಟು ಅಗಲದ್ದು ಎಂದು ಎದುರಿನವರಿಗೆ ತಿಳಿಯಲಿ ಎಂದೂ ಹೌದು.

ನಮ್ಮ ಮನೆಯ ಕಾರನ್ನು ಗುರುತಿಸಲು ಮಾತ್ರ ಯಾವ ಪರಿಣತಿಯೂ ಬೇಡ. ಅರ್ಧ ಮುಚ್ಚಿದ ಕಣ್ಣು, ಅದರ ಮೇಲೆ ದಪ್ಪ ವಿಭೂತಿ, ಸ್ವಲ್ಪ ಬಾಗಿದ ತಲೆ. ಧ್ಯಾನದಿಂದ ಈಗಷ್ಟೇ ಎದ್ದ ಸ್ವಾಮಿಗಳಂತೆ ಮೆಲ್ಲಗೆ ಬರುತ್ತದೆ. ಊರಿನ ಹುಡುಗರು ಅದಕ್ಕೆ 'ಅಯ್ಯನೋರ ಕಾರು' ಎಂದು ಹೆಸರಿಟ್ಟಿದ್ದಾರೆ. ನಕ್ಕವರು ನಗಲಿ. ಆ ವಿಭೂತಿಯ ಹಿಂದಿನ ಕಥೆ ಗೊತ್ತಾದರೆ ನೀವು ನಗುವುದನ್ನು ಬಿಟ್ಟು ನಮ್ಮ ಕಾರಿಗೂ ಒಂದಿಷ್ಟು ಹಚ್ಚಿ ಎಂದು ಕೇಳಿಕೊಂಡು ಬರುತ್ತೀರಿ. ನನಗೆ ಕಾರು ನಡೆಸಲು ಬರುವುದಿಲ್ಲ, ನಿಜ. ಆದರೆ ಕಾರಿನ ದೀಪದ ಮಾತು ಬಂದರೆ ನನ್ನ ಬಾಯಿ ಮುಚ್ಚಿಸುವುದು ಕಷ್ಟ. ಈಗಲೂ ನೋಡಿ, ಒಲೆಯ ಮೇಲೆ ಹಾಲಿಟ್ಟು ಬಂದು ಬರೆಯಲು ಕೂತಿದ್ದೇನೆ.

ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ನನ್ನ ಮದುವೆಯಾಯಿತು. ನಾನು ಸೊರಬ ಸೀಮೆಯ ಜಡೆಯವಳು. ಗದ್ದೆ, ಎತ್ತು, ಲಾಟೀನುಗಳ ನಡುವೆ ಬೆಳೆದವಳು. ಕೊಟ್ಟದ್ದು ಶಿಕಾರಿಪುರದ ಬಟ್ಟೆ ಅಂಗಡಿಯವರ ಮನೆಗೆ. ನಮ್ಮ ಯಜಮಾನರ ಮನೆಗೆ ಆ ವರ್ಷ ಇಬ್ಬರು ಹೊಸಬರು ಬಂದರು: ನಾನು ಮತ್ತು ಒಂದು ಹಳೆಯ ಕಪ್ಪು ಕಾರು. ಯಾರ ಮೇಲೆ ಪ್ರೀತಿ ಹೆಚ್ಚೆಂದು ಮೊದಲ ತಿಂಗಳಲ್ಲಿ ಹೇಳುವುದು ಕಷ್ಟವಿತ್ತು. ನನ್ನ ಸೀರೆಯ ಬಣ್ಣ ಯಾವುದೆಂದು ಕೇಳಿದರೆ ತಡವರಿಸುತ್ತಿದ್ದ ಮನುಷ್ಯ, ಕಾರಿನ ದೀಪದ ಬಟ್ಟಲನ್ನು ಅಂಗಡಿಯ ಹೊಸ ಮಲ್ಲು ಬಟ್ಟೆಯ ತುಂಡಿನಿಂದ ಬೆಳಿಗ್ಗೆ ಸಂಜೆ ಒರೆಸುತ್ತಿದ್ದರು.

ಆ ದೀಪಗಳನ್ನು ನೀವು ನೋಡಬೇಕಿತ್ತು. ಈಗಿನ ಕಾರುಗಳಲ್ಲಿ ದೀಪ ಮೈಯೊಳಗೇ ಹುದುಗಿರುತ್ತದೆ. ನಮ್ಮದರಲ್ಲಿ ಹಾಗಲ್ಲ; ಕಾರಿನ ಮೂತಿಯ ಎರಡೂ ಬದಿಗೆ ಕಬ್ಬಿಣದ ಕಾಲಿನ ಮೇಲೆ ದೊಡ್ಡ ಬಟ್ಟಲುಗಳಂತೆ ಎದ್ದು ನಿಂತಿದ್ದವು. ಯಜಮಾನರು ದಾವಣಗೆರೆಯಿಂದ ಹೆಚ್ಚು ಉರಿಯುವ ಹೊಸ ಬಲ್ಬು ತಂದು ಹಾಕಿದರು. ದೂರ ಕಾಣಬೇಕೆಂದು ಕೆಳಗಿನ ನಟ್ಟು ಸಡಿಲಿಸಿ ದೀಪಗಳ ಮುಖವನ್ನು ಒಂದಿಷ್ಟು ಮೇಲಕ್ಕೆತ್ತಿದರು. ಆಮೇಲೆ ಊರ ಹೊರಗೆ ಕಾರು ಹೊರಟರೆ ಸಾಲುಮರಗಳ ತುದಿಯವರೆಗೂ ಬೆಳಕು. ಬಾವಲಿಗಳು ಎದ್ದು ಹಾರುತ್ತಿದ್ದವು. ಮರದ ಯಾವ ಕೊಂಬೆಯಲ್ಲಿ ಎಷ್ಟು ಗೂಡಿವೆ ಎಂದು ಹೇಳಬಹುದಿತ್ತು. ಮುಂದಿನ ಚಕ್ರದ ಬುಡದಲ್ಲಿದ್ದ ಗುಂಡಿ ಮಾತ್ರ ನಮ್ಮ ಸೊಂಟಕ್ಕೆ ಗೊತ್ತಾದ ಮೇಲೆಯೇ ಕಣ್ಣಿಗೆ ಗೊತ್ತಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಓದಿದವಳು. ನಿಮ್ನ ದರ್ಪಣದ ಚಿತ್ರ ಬರೆದು ಬಾಣದ ಗುರುತು ಹಾಕುವಾಗ ಇದರಿಂದ ನನ್ನ ಸಂಸಾರಕ್ಕೇನು ಉಪಯೋಗ ಎಂದು ಗೊಣಗಿದ್ದೆ. ಕಾರಿನ ದೀಪ ನೋಡಿದ ದಿನ ಆ ಚಿತ್ರವೇ ಎದ್ದು ಬಂದು ಮುಂದೆ ನಿಂತ ಹಾಗಾಯಿತು! ಒಳಗಿನ ಹೊಳೆಯುವ ಬಟ್ಟಲೇ ದರ್ಪಣ. ಬಲ್ಬು ಅದರ ನಡುವೆ ಸರಿಯಾದ ಜಾಗದಲ್ಲಿ ಕೂತರೆ ಸುತ್ತಲೂ ಚೆಲ್ಲಿಹೋಗಬೇಕಾದ ಬೆಳಕೆಲ್ಲ ಬಟ್ಟಲಿಗೆ ತಗುಲಿ, ಒಟ್ಟಾಗಿ ಮುಂದಕ್ಕೆ ಹೊರಡುತ್ತದೆ. ಗೋಧಿ ಕಾಳಿನಷ್ಟು ಆಚೀಚೆಯಾದರೂ ದಿಕ್ಕು ತಪ್ಪುತ್ತದೆ. ಮುಂದಿನ ಗಾಜಿನ ಮೇಲೆ ಗೀರು ಗೀರು ಇರುತ್ತದಲ್ಲ, ಅದು ಅಲಂಕಾರವಲ್ಲ. ಬೆಳಕನ್ನು ಅಗಲಕ್ಕೆ ಹರಡಿ ರಸ್ತೆಗೆ ಇಳಿಸಲು ಮಾಡಿದ ಉಪಾಯ. ಎದುರಿಗೆ ಯಾರಾದರೂ ಬಂದರೆ ಬೆಳಕನ್ನು ತಗ್ಗಿಸಲು ಕಾಲಿನ ಹತ್ತಿರ ಒತ್ತುವ ಗುಂಡಿಯೊಂದು ಬೇರೆ ಇರುತ್ತದೆ. ನಮ್ಮ ಕಾರಿನಲ್ಲಿ ಅದು ತುಕ್ಕು ಹಿಡಿದು ಕೂತಿತ್ತು. ರಿಪೇರಿ ಮಾಡಿಸಿ ಎಂದರೆ ಯಜಮಾನರಿಗೆ ಮನಸ್ಸಿಲ್ಲ. ಬೆಳಕು ತಗ್ಗಿಸುವುದೆಂದರೆ ಎದುರಿನವನಿಗೆ ತಲೆ ತಗ್ಗಿಸಿದಂತೆ ಎಂದು ಅವರ ಭಾವನೆ. ಹೊಸದಾಗಿ ಕಾರು ಕೊಂಡವರ ಜಂಬಕ್ಕೆ ಮದ್ದಿಲ್ಲ.

ಮದುವೆಯಾಗಿ ಸ್ವಲ್ಪ ದಿನಕ್ಕೆ, ವೈಶಾಖದಲ್ಲಿ, ನನ್ನನ್ನು ಕಾರಿನಲ್ಲಿ ತವರಿಗೆ ಕರೆದುಕೊಂಡು ಹೊರಟರು. ಸೊರಬ ದಾಟುವಾಗ ಹೊತ್ತು ಮುಳುಗಿತ್ತು. ನನಗೋ ಕಾಲು ನೆಲದ ಮೇಲಿಲ್ಲ. ಕಾರಿನಲ್ಲಿ ಕೂತವರ ಕಾಲು ಹೇಗೂ ನೆಲದ ಮೇಲಿರುವುದಿಲ್ಲವೆನ್ನಿ. ಜಡೆಯ ದಾರಿಯಲ್ಲಿ ಒಂದು ತಿರುವು ದಾಟಿದ್ದೇ ಎದುರಿಗೆ ಒಂದು ಎತ್ತಿನ ಗಾಡಿ. ಎತ್ತುಗಳ ನಾಲ್ಕು ಕಣ್ಣು ಹಸಿರಾಗಿ ಹೊಳೆದವು. ಮರುಕ್ಷಣ ಅವು ಕತ್ತು ತಿರುಗಿಸಿ ಪಕ್ಕಕ್ಕೆ ಎಳೆದವು. ಗಾಡಿ ನಿಧಾನವಾಗಿ, ಯೋಚನೆ ಮಾಡಿಕೊಂಡೇ ಎಂಬಂತೆ, ಹೊಂಡದ ಕಡೆ ವಾಲಿತು. ಆಮೇಲೆ ಹೆಂಚು ಒಡೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಯಜಮಾನರು ಕಾರು ನಿಲ್ಲಿಸಿ ಇಳಿದರು. ತಪ್ಪು ಯಾರದೆಂದು ಅವರಿಗೆ ಅನುಮಾನವೇ ಇರಲಿಲ್ಲ. ಗಾಡಿ ಹೊಡೆಯಲು ಬಾರದವರು ರಸ್ತೆಗೆ ಯಾಕೆ ಬರುತ್ತೀರಿ ಎಂದು ಶಿಕಾರಿಪುರದ ಭಾಷೆಯಲ್ಲಿ ಶುರುಮಾಡಿಯೂ ಬಿಟ್ಟರು. ನಾನು ಕಾರಿನೊಳಗಿಂದಲೇ ಕೂಗಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ನೊಗ ಕಳಚಿಕೊಂಡು ದಾರಿಯಲ್ಲಿ ನಿಂತಿದ್ದ ಆ ಎತ್ತುಗಳಲ್ಲಿ ಒಂದು ನಮ್ಮ ಕೆಂದ, ಇನ್ನೊಂದು ಬಿಳಿಯ. ನಾನು ಹುಲ್ಲು ಹಾಕಿ ಬೆಳೆಸಿದವು. ಹೊಂಡದಿಂದ ಪಂಚೆ ಕೊಡವಿಕೊಂಡು ಎದ್ದು ಬಂದದ್ದು ನನ್ನ ಅಪ್ಪ.

ಅಪ್ಪನಿಗೆ ಮೊಣಕೈ ತರಚಿತ್ತು, ಅಷ್ಟೇ. ಆದರೆ ಕೊಟ್ಟಿಗೆಯ ಮಾಡಿಗೆಂದು ಸೊರಬದಲ್ಲಿ ಆರಿಸಿಕೊಂಡು ಹೊರಟಿದ್ದ ಹೆಂಚುಗಳು ಚೂರು ಚೂರಾಗಿದ್ದವು. ಊರಿನ ಹತ್ತಿರ ಬಂದಿದ್ದವನು ಗಾಡಿಯ ಕೀಲು ಸಡಿಲಾಯಿತೆಂದು ಕಮ್ಮಾರನ ಹತ್ತಿರ ಹೋಗಲು ಹಿಂದಕ್ಕೆ ತಿರುಗಿಸಿದ್ದನಂತೆ; ಹಾಗಾಗಿ ಎದುರಾದ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕಾರಿನ ಬೆಳಕಿಗೆ ಕೈ ಅಡ್ಡ ಹಿಡಿದುಕೊಂಡು, ಎದುರಿಗಿದ್ದ ಮನುಷ್ಯ ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ತಿಳಿದ ಮೇಲೆ ಹೇಳಿದ್ದು ಇಷ್ಟೇ.

"ಬೆಳಕು ಬೇಕಾದಷ್ಟಿತ್ತು ಅಳಿಯಂದ್ರೇ. ದಾರಿನೇ ಕಾಣ್ಲಿಲ್ಲ."

ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ಮೆಲುಕು ಹಾಕಿದೆನೋ. ಕಾರಿನ ದೀಪ ಮಾಡುವವರೆಲ್ಲ ತಮ್ಮ ಕಾರ್ಖಾನೆಯ ಬಾಗಿಲ ಮೇಲೆ ಬರೆಸಿಕೊಳ್ಳಬಹುದಾದ ಮಾತು. ಅಂದು ಮಾತ್ರ ನಾನು ಕಂಡದ್ದು ಇಷ್ಟೇ: ಗಂಡನ ಮನೆಯ ಬೆಳಕು ತವರಿನ ಗಾಡಿಯನ್ನು ಹೊಂಡಕ್ಕೆ ಇಳಿಸಿತ್ತು. ನಾನು ಯಾರ ಕಡೆ ನಿಂತು ಅಳಬೇಕು?

ಅಂದಿನಿಂದ ಎರಡೂ ಮನೆಗಳ ನಡುವೆ ಜಗಳವಿಲ್ಲ, ಮಾತೂ ಇಲ್ಲ. ಯಜಮಾನರು ಹೊಸ ಹೆಂಚು ಕಳಿಸಿದರು. ಅಪ್ಪ ಅದನ್ನು ಬಿಚ್ಚದೆ ಗೋಡೆಗೆ ಒರಗಿಸಿಟ್ಟು ಆ ಮಳೆಗಾಲಕ್ಕೆ ಕೊಟ್ಟಿಗೆಗೆ ಹುಲ್ಲನ್ನೇ ಹೊದಿಸಿದ. ಕ್ಷಮಿಸಿ ಎಂಬ ಮಾತು ಯಜಮಾನರ ಬಾಯಲ್ಲಿ ಬರಲಿಲ್ಲ. ತಾನು ಪಕ್ಕದಲ್ಲೇ ಹೋಗುತ್ತಿದ್ದೆ, ಎತ್ತು ಬೆದರಿದರೆ ತಾನೇನು ಮಾಡಲಿ ಎಂಬುದು ಅವರ ವಾದ. ಕೆಂದನಿಗೆ ಅಂದಿನಿಂದ ರಸ್ತೆಯಲ್ಲಿ ಯಾವ ಬೆಳಕು ಕಂಡರೂ ಕಾಲು ಊರಿ ನಿಲ್ಲುವ ಅಭ್ಯಾಸವಾಯಿತೆಂದು ಸುದ್ದಿ ಬಂತು. ಭಾದ್ರಪದದ ಗೌರಿ ಹಬ್ಬಕ್ಕೆ ನನ್ನನ್ನು ಕರೆಯಲು ಅಪ್ಪ ಬರಲಿಲ್ಲ. ಬಾಗಿನ ಮಾತ್ರ ಬಸ್ಸಿನಲ್ಲಿ ಬಂತು. ಅದನ್ನು ಎದುರಿಗಿಟ್ಟುಕೊಂಡು ನಾನು ಅತ್ತದ್ದನ್ನು ಅತ್ತೆಯವರು ನೋಡಿಯೂ ನೋಡದಂತೆ ಒಳಗೆ ಹೋದರು. ಇನ್ನು ಉಳಿದದ್ದು ದೀಪಾವಳಿ, ನಮ್ಮ ಕಡೆಯವರ ದೊಡ್ಡಹಬ್ಬ. ಮದುವೆಯಾದ ಮೊದಲ ದೊಡ್ಡಹಬ್ಬಕ್ಕೆ ಮಗಳು ಅಳಿಯ ಜೊತೆಯಾಗಿ ತವರಿನ ಹೊಸಿಲು ದಾಟಬೇಕು. ಅದೂ ತಪ್ಪಿದರೆ ಒಡೆದದ್ದು ಹೆಂಚು ಮಾತ್ರವಲ್ಲವೆಂದು ಇಡೀ ಜಡೆಗೆ ಗೊತ್ತಾಗುತ್ತಿತ್ತು.

ಬೇಸರವಾದಾಗ ನಾನು ಬೆಳಕಿನ ಬಗ್ಗೆ ಯೋಚಿಸುತ್ತಿದ್ದೆ. ಬೇರೆಯವರು ದೇವರ ಬಗ್ಗೆ ಯೋಚಿಸುತ್ತಾರೆ, ಒಬ್ಬೊಬ್ಬರ ಅಭ್ಯಾಸ. ಚಿಕ್ಕವಳಿದ್ದಾಗ ಒಮ್ಮೆ ಅಪ್ಪನ ಗಾಡಿಯಲ್ಲಿ ತಾಳಗುಂದಕ್ಕೆ ಹೋಗಿದ್ದೆ. ಅಲ್ಲಿಯ ಗುಡಿಯ ಮುಂದೆ ಹಳೆಯ ಅಕ್ಷರಗಳ ಕಲ್ಲುಕಂಬವಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದರೆ ಬರೀ ಕಲ್ಲು. ಏನೋ ಗೀಚಿದ ಹಾಗೆ. ಸಂಜೆ ಹೊರಡುವ ಮುಂಚೆ ಇನ್ನೊಮ್ಮೆ ನೋಡಿದೆ. ಇಳಿಬಿಸಿಲು ಓರೆಯಾಗಿ ಬಿದ್ದಿತ್ತು. ಪ್ರತಿ ಅಕ್ಷರದ ಪಕ್ಕಕ್ಕೂ ಒಂದು ಪುಟ್ಟ ನೆರಳು ಕೂತು, ಸಾಲು ಸಾಲೇ ಕಲ್ಲಿನಿಂದ ಎದ್ದು ಬಂದಿತ್ತು! ಒಂದಕ್ಷರವೂ ಓದಲು ಬಾರದಿದ್ದರೂ ನಾನು ಕುಣಿದಾಡಿದ್ದೆ. ಬೆಳಕು ಹೆಚ್ಚಾದ್ದರಿಂದ ಕಂಡದ್ದಲ್ಲ. ಬೆಳಕು ಬಂದ ದಿಕ್ಕಿನಿಂದ ಕಂಡದ್ದು. ರಸ್ತೆಯ ಗುಂಡಿಯೂ ಅಷ್ಟೇ ತಾನೆ? ಬೆಳಕು ತಗ್ಗಿನಿಂದ ನೆಲ ಸವರಿಕೊಂಡು ಹೋದರೆ ಗುಂಡಿಗೆ ನೆರಳು ಬಿದ್ದು ಕಾಣುತ್ತದೆ. ನಮ್ಮ ಗಾಡಿಯವರು ಲಾಟೀನನ್ನು ಕೈಯಲ್ಲಿ ಎತ್ತಿ ಹಿಡಿಯದೆ ಗಾಡಿಯ ಅಚ್ಚಿನ ಕೆಳಗೆ ಕಟ್ಟುವುದು ಸುಮ್ಮನೆ ಅಲ್ಲ. ಹೊಡೆಯುವವನ ಕಣ್ಣಿಗೆ ಬಡಿಯುವುದಿಲ್ಲ, ಎತ್ತಿನ ಕಣ್ಣಿಗೆ ಬಡಿಯುವುದಿಲ್ಲ, ಚಕ್ರದ ಸುತ್ತ ನೆಲ ಕಾಣುತ್ತದೆ, ಹಿಂದೆ ಮುಂದೆ ಬರುವವರಿಗೆ ಇಲ್ಲೊಂದು ಗಾಡಿಯಿದೆ ಎಂದೂ ತಿಳಿಯುತ್ತದೆ. ಇದನ್ನೆಲ್ಲ ಯಜಮಾನರಿಗೆ ವಿವರಿಸಿದೆ. ಕಾರಿನ ಹೊಟ್ಟೆಯಡಿಗೆ ಲಾಟೀನು ಕಟ್ಟೋಣವೇ ಎಂದು ಕೇಳಿ ಪಂಚೆ ಎತ್ತಿ ಕಟ್ಟಿಕೊಂಡು ಅಂಗಡಿಗೆ ಹೋದರು.

ಇಷ್ಟರಲ್ಲಿ ಮಹಾನವಮಿ ಬಂತು, ಆಯುಧಪೂಜೆಯ ದಿನ ಬಂತು. ಅಂಗಡಿಯ ಗಜಕೋಲು, ಕತ್ತರಿ, ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ ಹಚ್ಚಿ ನಮ್ಮ ಮಾವನವರು ಕಾರಿನ ಮುಂದೆ ಬಂದು ನಿಂತರು. ಮಾವನವರು ದೊಡ್ಡ ಶಿವಭಕ್ತರು. ವಿಭೂತಿಯನ್ನು ಹಣೆಗೇ ಹಚ್ಚಬೇಕು. ಕಂಡಕಂಡಲ್ಲಿ ಬಳಿಯುವುದು ಅವರಿಗೆ ಸೇರದು. ಈಗ ಪ್ರಶ್ನೆ: ಕಾರಿನ ಹಣೆ ಯಾವುದು? ಯಜಮಾನರು ಬಾನೆಟ್ಟು ತೋರಿಸಿದರು. ಅದು ಬೆನ್ನಿನಂತಿದೆ ಎಂದು ಮಾವನವರು ಒಪ್ಪಲಿಲ್ಲ. ಮುಂದಿನ ಗಾಜೇ ಹಣೆಯೆಂದು ಅತ್ತೆ ಅಂದರು. ಅದರ ಹಿಂದೆ ಮನುಷ್ಯ ಕೂರುತ್ತಾನೆ, ಹಣೆಯ ಹಿಂದೆ ಮನುಷ್ಯ ಕೂರುವುದುಂಟೇ ಎಂದರು ಮಾವ. ಕೊನೆಗೆ ಅವರೇ ತೀರ್ಪು ಕೊಟ್ಟರು. ದೀಪಗಳು ಕಣ್ಣು. ಕಣ್ಣಿನ ಮೇಲಿರುವುದು ಹಣೆ. ಆದ್ದರಿಂದ ವಿಭೂತಿ ದೀಪಕ್ಕೆ.

ಯಜಮಾನರ ಮುಖ ಬಿಳಿಚಿತು. ಅವರು ಮಲ್ಲಿನಲ್ಲಿ ಒರೆಸಿ ಸಾಕಿದ ದೀಪ! ಅಪ್ಪ ಮಗನಿಗೆ ಬಹಳ ಹೊತ್ತು ಮಾತು ನಡೆದು ಒಂದು ರಾಜಿಯಾಯಿತು: ಗಾಜಿನ ಮೇಲರ್ಧ ಹಣೆಯ ಲೆಕ್ಕಕ್ಕೆ, ಕೆಳಗಿನರ್ಧ ಕಣ್ಣಿನ ಲೆಕ್ಕಕ್ಕೆ. ಒದ್ದೆ ವಿಭೂತಿ ಗಾಜಿನ ಮೇಲೆ ನಿಲ್ಲದೆ ಜಾರಿತು. ಅತ್ತೆ ಒಳಗೆ ಹೋಗಿ, ಪಂಚೆಗೆ ಹಾಕಲು ಕಾಯಿಸಿಟ್ಟಿದ್ದ ಅಕ್ಕಿಗಂಜಿ ತಂದು ವಿಭೂತಿಗೆ ಕಲಸಿದರು. ಮಾವನವರ ಬೆರಳುಗಳು ಧಾರಾಳವಾದವು. ಎಳೆದ ಮೂರು ಗೆರೆ ಒಂದಕ್ಕೊಂದು ಕೂಡಿಕೊಂಡು ಸುಣ್ಣದ ಗೋಡೆಯಾಯಿತು. ಎಳೆಯುವಾಗ ಆಯ ತಪ್ಪದಿರಲೆಂದು ಅವರು ದೀಪದ ತಲೆಯ ಮೇಲೆ ಎಡಗೈ ಊರಿದ್ದರು. ನಟ್ಟು ಮೊದಲೇ ಸಡಿಲ. ದೀಪ ಮೆಲ್ಲಗೆ ಮುಂದಕ್ಕೆ ಬಾಗಿತು. ಎರಡನೆಯದೂ ಹಾಗೆಯೇ ಬಾಗಿತು. ಮಾವನವರು ಕಣ್ಣು ತುಂಬಿಕೊಂಡು, "ನೋಡ್ರಿ, ಶಿವನಿಗೆ ತಲಿ ಬಾಗ್ತು" ಅಂದರು. ಇನ್ನು ಅದನ್ನು ಮೇಲೆತ್ತುವ ಧೈರ್ಯ ಯಾರಿಗಿದೆ?

ವಿಭೂತಿಯನ್ನು ಬೇಕೆಂದು ಅಳಿಸುವುದು ನಮ್ಮಲ್ಲಿಲ್ಲ. ಅದು ತಾನಾಗಿಯೇ ಉದುರಬೇಕು. ಗಂಜಿ ಬೆರೆತದ್ದು ಉದುರುತ್ತದೆಯೇ? ಬಿಸಿಲಿಗೆ ಒಣಗಿ ಗಾಜಿಗೇ ಹುಟ್ಟಿದಂತೆ ಗಟ್ಟಿಯಾಯಿತು. ಯಜಮಾನರು ದಿನವೂ ಆಕಾಶ ನೋಡುವರು, ಮಳೆ ಬರಲಿಲ್ಲ. ಒಂದು ಸಂಜೆ ಅನಿವಾರ್ಯವಾಗಿ ಶಿರಾಳಕೊಪ್ಪಕ್ಕೆ ಹೋಗಿ ಬಂದವರು ಜಗುಲಿಯಲ್ಲಿ ಸುಮ್ಮನೆ ಕೂತರು. ಏನಾಯಿತೆಂದು ಕೇಳಿದೆ. ಏನೂ ಆಗಲಿಲ್ಲ ಎಂದರು. ಅದೇ ವಿಚಿತ್ರ ಎಂದರು. ದಾರಿಯುದ್ದಕ್ಕೂ ಗಾಡಿಗಳು ಸಿಕ್ಕಿದವಂತೆ, ಯಾರೂ ಬೈಯಲಿಲ್ಲವಂತೆ. ಕುರಿ ಮಂದೆಯೊಂದು ರಸ್ತೆ ದಾಟುವಾಗ ಕುರಿಗಳು ಕಾರಿನ ಮುಂದೆ ಕಂಗಾಲಾಗಿ ನಿಲ್ಲದೆ ತಮ್ಮ ಪಾಡಿಗೆ ದಾಟಿಹೋದವಂತೆ. ಗುಂಡಿಗಳೂ ಮೊದಲೇ ಕಂಡವಂತೆ. ಬ್ಯಾಟರಿಗೆ ಏನೋ ಒಳ್ಳೆಯದಾಗಿರಬೇಕೆಂದು ತೀರ್ಮಾನಿಸಿದರು.

ನನಗೆ ರೋಮಾಂಚನವಾಯಿತು. ಪರೀಕ್ಷೆ ಮಾಡಲೇಬೇಕು! ಮಾರನೆಯ ಸಂಜೆ ಅವರನ್ನು ಕಾರಿನಲ್ಲಿ ಕೂರಿಸಿ ದೀಪ ಹಾಕಿಸಿದೆ. ನಾನು ಕೆರೆಯ ದಾರಿಯಲ್ಲಿ ದೂರ ನಡೆದು ಹೋಗಿ, ತಿರುಗಿ, ಎತ್ತಿನಂತೆ ತಲೆ ತಗ್ಗಿಸಿಕೊಂಡು ಕಾರಿನ ಎದುರಿಗೆ ಬಂದೆ. ಕೊಡ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು, ಬಟ್ಟೆ ಅಂಗಡಿಯವರ ಸೊಸೆಗೆ ಏನೋ ಮೆಟ್ಟಿಕೊಂಡಿದೆಯೆಂದು ಬಳಸಿಕೊಂಡು ಹೋದಳು. ಹೋಗಲಿ. ನನಗೆ ರಸ್ತೆಯ ಎರಡೂ ಅಂಚು ಕಾಣುತ್ತಿತ್ತು! ಬೇವಿನ ಮರ ಕಾಣುತ್ತಿತ್ತು. ಕಾರಿನ ಪಕ್ಕದಲ್ಲಿ ಹಾದುಹೋಗಲು ಎಷ್ಟು ಜಾಗವಿದೆ ಎಂದು ಕಾಣುತ್ತಿತ್ತು. ಮೊದಲಾಗಿದ್ದರೆ ಎರಡು ಸೂರ್ಯರ ಹಿಂದೆ ಲೋಕವೇ ಇರುತ್ತಿರಲಿಲ್ಲ. ತಲೆ ಬಾಗಿದ್ದರಿಂದ ಬೆಳಕು ನೆಲಕ್ಕೆ ಇಳಿದಿತ್ತು. ಮೇಲರ್ಧ ಮುಚ್ಚಿದ್ದರಿಂದ ಎದುರಿನವರ ಕಣ್ಣಿಗೆ ನುಗ್ಗುತ್ತಿದ್ದ ಪಾಲಿಗೆ ಅಡ್ಡಗೋಡೆ ಎದ್ದಿತ್ತು. ಮೇಲೆ ಚೆಲ್ಲಿದ ಬೆಳಕು ದೂಳಿಗೆ ತಗುಲಿ ನಮ್ಮ ಕಣ್ಣಿಗೇ ವಾಪಸ್ಸು ಬರುತ್ತಿದ್ದುದೂ ನಿಂತಿತ್ತು. ನಮಗೆಲ್ಲ ಕಣ್ಣಿನ ಜೊತೆಗೆ ರೆಪ್ಪೆ ಕೊಟ್ಟವನು ಬುದ್ಧಿವಂತ. ಕಾರಿಗೆ ಕಣ್ಣು ಕೊಟ್ಟವರು ಮರೆತ ರೆಪ್ಪೆಯನ್ನು ಮಾವನವರು ಗಂಜಿಯಲ್ಲಿ ಬರೆದಿದ್ದರು. ನಾನು ಓಡೋಡಿ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಯಜಮಾನರು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಹಾಗಾದರೆ ಅಂದು ನಿಮ್ಮ ಅಪ್ಪನಿಗೆ ಏನೂ ಕಾಣಿಸಿರಲಿಲ್ಲವೇ ಎಂದರು. ಇಲ್ಲ ಎಂದೆ.

ಹಬ್ಬ ಹತ್ತಿರ ಬಂದಾಗ ಜಡೆಯಿಂದ ಬಸ್ಸಿನಲ್ಲಿ ಬಂದವರೊಬ್ಬರ ಕೈಲಿ ಅಪ್ಪ ಹೇಳಿ ಕಳಿಸಿದ. ದೊಡ್ಡಹಬ್ಬಕ್ಕೆ ಮಗಳು ಅಳಿಯ ಬರಬೇಕು. ನೀರು ತುಂಬುವ ದಿನ, ಹಗಲಿರುವಾಗಲೇ ಬರಬೇಕು. ಕರೆದದ್ದಕ್ಕೆ ನಾನು ಕುಣಿದೆ; ಹಗಲೆಂದದ್ದಕ್ಕೆ ಕುಸಿದೆ. ನೀರು ತುಂಬುವ ಹಬ್ಬದ ದಿನ ಬಟ್ಟೆ ಅಂಗಡಿಯನ್ನು ಹಗಲು ಹೊತ್ತಿನಲ್ಲಿ ಮುಚ್ಚುವುದುಂಟೇ? ವರ್ಷಕ್ಕೊಮ್ಮೆ ಹೊಸಬಟ್ಟೆ ಕೊಳ್ಳುವವರೆಲ್ಲ ಅಂದೇ ಬರುವುದು. ನನ್ನನ್ನೊಬ್ಬಳನ್ನೇ ಬಸ್ಸಿಗೆ ಹತ್ತಿಸಿ ಎಂದು ಅತ್ತೆ ಸೂಚಿಸಿದರು. ಅಳಿಯನಿಲ್ಲದೆ ಮೊದಲ ಹಬ್ಬಕ್ಕೆ ಹೋಗುವುದಕ್ಕಿಂತ ಹೋಗದಿರುವುದೇ ಮೇಲೆಂದು ನಾನು ಒಳಗೆ ಹೋಗಿ ಕೂತೆ. ಸಂಜೆ ಜನ ಕಡಿಮೆಯಾದಾಗ ಯಜಮಾನರು ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಹೊಂಡು. ನಿಮ್ಮಪ್ಪಾರಿಗೆ ಇವತ್ತು ದಾರಿ ಕಾಣ್ತದ."

ಹೊರಟೆವು. ಸೊರಬ ದಾಟಿದ ಮೇಲೆ ನಾನು ಒಂದೊಂದು ತಿರುವನ್ನೂ ಎಣಿಸತೊಡಗಿದೆ. ಗದ್ದೆಗಳಲ್ಲಿ ಇಬ್ಬನಿ ಹಬ್ಬುತ್ತಿತ್ತು. ಮೊದಲಿನ ಹಾಗೆ ದೀಪ ಎತ್ತಿದ್ದರೆ ಆ ಬಿಳುಪೇ ಗೋಡೆಯಾಗಿ ಎದುರಿಗೆ ನಿಲ್ಲುತ್ತಿತ್ತು; ಈಗ ಬೆಳಕು ಅದರ ಅಡಿಯಲ್ಲಿ ತೂರಿಕೊಂಡು ಹೋಗುತ್ತಿತ್ತು. ಅದೇ ತಿರುವು ಬಂತು. ಯಜಮಾನರು ಕಾರನ್ನು ನಡೆಯುವವರ ವೇಗಕ್ಕೆ ಇಳಿಸಿದರು. ತಿರುವಿನಾಚೆ ನೆಲದ ಹತ್ತಿರ ಒಂದು ಕೆಂಪು ಚುಕ್ಕೆ ತೂಗುತ್ತ ಬರುತ್ತಿತ್ತು. ಗಾಡಿಯ ಅಚ್ಚಿನ ಲಾಟೀನು.

ಆ ಗಾಡಿ ಯಾರದೆಂದು ನಿಮಗೆ ಹೇಳಬೇಕಾಗಿಲ್ಲ. ಹಗಲಿನಲ್ಲಿ ಕಾರೂ ಬಾರದ್ದನ್ನು, ಬಸ್ಸಿನಲ್ಲೂ ನಾವು ಬಾರದ್ದನ್ನು ನೋಡಿ, ಕಡೆಯ ಬಸ್ಸಿಗಾದರೂ ಬಂದಾರೆಂದು ಅಪ್ಪ ದಾರಿ ಕೂಡುವ ಜಾಗಕ್ಕೆ ಗಾಡಿ ಕಟ್ಟಿಕೊಂಡು ಹೊರಟಿದ್ದ. ನಾನು ಸೀಟಿನ ಅಂಚು ಹಿಡಿದುಕೊಂಡೆ. ಕೆಂದ ಈಗ ನಿಲ್ಲುತ್ತದೆ, ಈಗ ಪಕ್ಕಕ್ಕೆ ಎಳೆಯುತ್ತದೆ ಎಂದು ಕಣ್ಣು ಮುಚ್ಚಿದೆ. ಗಂಟೆಯ ಸದ್ದು ನಿಲ್ಲಲಿಲ್ಲ. ಕಣ್ಣು ತೆರೆದರೆ ಎತ್ತುಗಳು ರಸ್ತೆಯ ತಮ್ಮ ಪಕ್ಕದಲ್ಲಿ, ಗದ್ದೆಯಿಂದ ಮನೆಗೆ ಹೋಗುವ ನಡಿಗೆಯಲ್ಲಿ ನಡೆದು ಬರುತ್ತಿದ್ದವು! ಬೆಳಕು ಅವುಗಳ ಗೊರಸಿನ ಮೇಲಿತ್ತು. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದಿರಲಿಲ್ಲ. ದೂರದಿಂದಲೇ ನಮ್ಮನ್ನು ಗುರುತಿಸಿ ಹಗ್ಗ ಎಳೆದ.

ಯಜಮಾನರು ಇಂಜಿನ್ನು ನಿಲ್ಲಿಸಿ ಇಳಿದರು. ಇಬ್ಬರೂ ಎದುರುಬದುರು ನಿಂತರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಮಾತು ಹೊರಡುವುದಿಲ್ಲವೆಂದು ಎಲ್ಲ ಹೆಂಗಸರಿಗೂ ಗೊತ್ತು. ನಾನೇ ಏನಾದರೂ ಹೇಳಬೇಕೆಂದು ಬಾಗಿಲು ತೆರೆಯುವಷ್ಟರಲ್ಲಿ ಕೆಂದ ಆ ಕೆಲಸವನ್ನು ವಹಿಸಿಕೊಂಡಿತು. ಮೂಗು ಚಾಚಿ ಕಾರಿನ ಬಲಗಡೆಯ ದೀಪವನ್ನು ಮೂಸಿತು. ಬೆಚ್ಚಗಿನ ಗಾಜು, ಅದರ ಮೇಲೆ ಅಕ್ಕಿಗಂಜಿ. ಆಮೇಲೆ ತನ್ನ ಒರಟು ನಾಲಿಗೆಯನ್ನು ಉದ್ದಕ್ಕೆ ಎಳೆದು ನೆಕ್ಕಲು ಶುರುಮಾಡಿತು. ಮನೆಯ ಯಾರೊಬ್ಬರೂ ಮುಟ್ಟಲು ಹೆದರಿದ ವಿಭೂತಿಯನ್ನು ಅದು ಹಬ್ಬದ ಊಟದಂತೆ ತಿಂದು ಮುಗಿಸಿತು. ಬೇಸಿಗೆಯಲ್ಲಿ ಯಾವ ದೀಪಕ್ಕೆ ಬೆದರಿ ಹೊಂಡಕ್ಕೆ ಇಳಿದಿತ್ತೋ ಅದೇ ದೀಪ! ಕೊನೆಯ ಬಾರಿ ನಾಲಿಗೆ ಸರಿದದ್ದೇ, ಮುಚ್ಚಿದ್ದ ಬೆಳಕೆಲ್ಲ ಹೊರಗೆ ಹಾರಿ, ಹಗ್ಗ ಹಿಡಿಯಲು ಬಗ್ಗಿದ್ದ ಅಪ್ಪನ ಮುಖಕ್ಕೆ ಹೊಡೆಯಿತು. ಅವನು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಸರಿದ.

ಯಜಮಾನರು ದೀಪ ಆರಿಸಲು ಕಾರಿನೊಳಗೆ ಬರಲಿಲ್ಲ. ಒಂದೇ ಹೆಜ್ಜೆಗೆ ಮುಂದೆ ಹೋಗಿ ದೀಪಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟರು. ಅವರ ನೆರಳು ಅಪ್ಪನ ಮೇಲೆ ಬಿತ್ತು. ಆ ನೆರಳಿನಲ್ಲಿ ಅಪ್ಪ ಮೆಲ್ಲಗೆ ಕಣ್ಣು ತೆರೆದ.

"ನನಗ ಅವತ್ತು ತಿಳೀಲಿಲ್ರಿ ಮಾವ," ಎಂದರು ನಮ್ಮವರು.

ಅಪ್ಪ ಗಾಡಿಯನ್ನು ತಿರುಗಿಸಿ, ತಾನು ಮುಂದೆ ಹೋಗುತ್ತೇನೆ, ಲಾಟೀನು ನೋಡಿಕೊಂಡು ಹಿಂದೆ ಬನ್ನಿ ಎಂದ. ಬಲಗಡೆಯ ದೀಪಕ್ಕೆ ಯಜಮಾನರು ತಮ್ಮ ಹೆಗಲ ವಸ್ತ್ರ ಕಟ್ಟಿದರು. ಹಬ್ಬಕ್ಕೆಂದು ತೆಗೆದ ಹೊಸ ವಸ್ತ್ರ. ಹಾಗೆ ಗಾಡಿ ಮುಂದೆ ಕಾರು ಹಿಂದೆ, ಎತ್ತಿನ ವೇಗದಲ್ಲಿ ನಾವು ಜಡೆ ಸೇರಿದೆವು. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅಷ್ಟು ಸಂತೋಷದಿಂದ ಎಲ್ಲಿಗೂ ಹೋಗಿಲ್ಲ. ಅವ್ವ ಆರತಿ ಹಿಡಿದುಕೊಂಡು ಬಾಗಿಲಿಗೆ ಬಂದಾಗ ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ಮಾರನೆಯ ದಿನ ಅಂಗಳದಲ್ಲಿ ನೋಡಿದೆ. ಗೋಡೆಗೆ ಒರಗಿಸಿಟ್ಟಿದ್ದ ಹೆಂಚುಗಳ ಹಗ್ಗ ಬಿಚ್ಚಿತ್ತು.

ಪಾಡ್ಯದ ಬೆಳಿಗ್ಗೆ ಗೋಪೂಜೆ. ಅಪ್ಪ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹಣೆಗೆ ವಿಭೂತಿ ಹಚ್ಚಿದ. ಆಮೇಲೆ ಅದೇ ಬಟ್ಟಲು ಹಿಡಿದುಕೊಂಡು ಕಾರಿನ ಹತ್ತಿರ ಬಂದ. ಯಜಮಾನರು ಆಗಲೇ ಅಡಿಗೆಮನೆಗೆ ಹೋಗಿ ಅವ್ವನ ಹತ್ತಿರ ಗಂಜಿ ಕೇಳಿ ತಂದಿದ್ದರು. ಯಾವ ದೀಪವನ್ನು ಬೆಳಿಗ್ಗೆ ಸಂಜೆ ಒರೆಸುತ್ತಿದ್ದರೋ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಗಂಜಿಗೆ ವಿಭೂತಿ ಕಲಸಿದರು. ಅಪ್ಪ ಮೂರು ಬೆರಳು ಅದ್ದಿ, ಎಷ್ಟು ದಪ್ಪ ಎಳೆಯಲಿ ಎಂದು ಕೇಳಿದ.

"ದಪ್ಪಗೇ ಎಳೀರಿ ಮಾವ. ಎದುರಿಗೆ ಬರೋರು ನಮ್ಮೋರೇ ಇರ್ತಾರ."

ಅಪ್ಪ ಬಗ್ಗಿ ಒಂದು ದೀಪಕ್ಕೆ ಎಳೆದ, ಇನ್ನೊಂದಕ್ಕೆ ಎಳೆದ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ, ಹಬ್ಬದ ಸಿಂಗಾರದಲ್ಲಿ ನಿಂತಿದ್ದ ಕೆಂದ ಕತ್ತಿನ ಹಗ್ಗವನ್ನು ಎಳೆದಷ್ಟೂ ಎಳೆದು, ಕಾರಿನ ಕಡೆ ಆಗಲೇ ನಾಲಿಗೆ ಚಾಚಿತ್ತು.